ಅಂಗಳವನ್ನೇ ಶಾಲೆಯಾಗಿಸಿದ ತಾರಾಬಾಯಿ ಮೋಡಕ್ (1892–1973)

ಶಾಲಾಪೂರ್ವ ಶಿಕ್ಷಣವನ್ನು ಗ್ರಾಮೀಣ ಹಾಗೂ ಬುಡಕಟ್ಟು ಮಕ್ಕಳ ಮನೆಬಾಗಿಲಿಗೆ ಕೊಂಡೊಯ್ದವರಲ್ಲಿ ಶ್ರೀಮತಿ ತಾರಾಬಾಯಿ ಮೋಡಕ್‌ರವರು ಅಗ್ರಗಣ್ಯರು. 1892ರಲ್ಲಿ ಮುಂಬಯಿಯಲ್ಲಿ ಜನಿಸಿದ ಇವರು 1914ರಲ್ಲಿ ಪದವಿ ಪಡೆದರು. ರಾಜಕೋಟದ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲರ ಹುದ್ದೆಯನ್ನು ತೊರೆದು, 1923ರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾರವರ ಬಾಲಮಂದಿರವನ್ನು ಸೇರಿದರು. ಇವರಿಬ್ಬರ ಪ್ರಯತ್ನದಿಂದ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘವು ಸ್ಥಾಪನೆಯಾಯಿತು.

ಮಗುವು ಇಂದ್ರಿಯಗಳ ಮೂಲಕ ಕಲಿಯುತ್ತದೆ ಎಂಬುದು ಮಾಂಟೆಸ್ಸರಿ ಪದ್ಧತಿಯ ಮೂಲತತ್ವ. ಆದರೆ ಅದಕ್ಕೆ ಬೇಕಾದ ಉಪಕರಣಗಳು ದುಬಾರಿಯಾಗಿದ್ದ ಕಾರಣ, ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಅದು ದೊರೆಯುತ್ತಿತ್ತು. ಈ ಕೊರತೆಯನ್ನು ನೀಗಿಸಲು ತಾರಾಬಾಯಿಯವರು 1945ರಲ್ಲಿ ಅಂದಿನ ಠಾಣಾ ಜಿಲ್ಲೆಯ ಕಡಲತೀರದ ಗ್ರಾಮವಾದ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಅನುತಾಯಿ ವಾಘ್‌ರವರು ಇವರ ಸಹೋದ್ಯೋಗಿಯಾದರು. ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಹೂವು ಹಾಗೂ ಜೇಡಿಮಣ್ಣು ಇಲ್ಲಿ ಕಲಿಕಾ ಸಾಮಗ್ರಿಗಳಾದವು. ಬೀಜಗಳನ್ನು ಎಣಿಸುತ್ತಾ ಸಂಖ್ಯೆಯನ್ನು, ಎಲೆಗಳನ್ನು ಜೋಡಿಸುತ್ತಾ ಆಕಾರ ಮತ್ತು ಬಣ್ಣವನ್ನು, ಮಣ್ಣನ್ನು ನಾದುತ್ತಾ ಬೆರಳುಗಳ ಹಿಡಿತವನ್ನು ಕಲಿಯಲು ಮಕ್ಕಳಿಗೆ ಅವಕಾಶವಾಯಿತು.

ಅಸ್ಪೃಶ್ಯತೆ ಹಾಗೂ ಬಡತನದ ಕಾರಣ ಊರಾಚೆಯ ಕೇರಿಯ ಮಕ್ಕಳು ಬಾಲವಾಡಿಗೆ ಬರಲಾಗದಿದ್ದಾಗ, ಬಾಲವಾಡಿಯನ್ನೇ ಕೇರಿಗೆ ಕೊಂಡೊಯ್ಯಲಾಯಿತು. ಶಿಕ್ಷಕಿಯರು ಮನೆಗಳ ಅಂಗಳದಲ್ಲಿ ಮಕ್ಕಳನ್ನು ಸೇರಿಸಿ, ಕೈಕಾಲು ತೊಳೆಸಿ, ಆಟ ಹಾಡುಗಳ ಮೂಲಕ ಕಲಿಸತೊಡಗಿದರು. ಅಂಗಳದ ಈ ಬಾಲವಾಡಿಯೇ ಅಂಗನವಾಡಿ ಎಂಬ ಹೆಸರು ಪಡೆಯಿತು. ಮಗುವು ಶಾಲೆಯನ್ನು ತಲುಪಲಾಗದಿದ್ದಲ್ಲಿ ಶಾಲೆಯೇ ಮಗುವನ್ನು ತಲುಪಬೇಕೆಂಬುದು ಇವರ ನಿಲುವಾಗಿತ್ತು.

1957ರಲ್ಲಿ ಕಾರ್ಯಕ್ಷೇತ್ರವು ಕೋಸಬಾಡ ಬೆಟ್ಟಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ವಾರ್ಲಿ ಬುಡಕಟ್ಟಿನ ಮಕ್ಕಳು ದನ ಮೇಯಿಸಲು ಹೋಗಬೇಕಾಗಿದ್ದುದರಿಂದ, ಹುಲ್ಲುಗಾವಲಿನಲ್ಲಿಯೇ ಪಾಠ ನಡೆಸುವ ಏರ್ಪಾಡು ಮಾಡಲಾಯಿತು. ಇವರ ಸೇವೆಯನ್ನು ಗುರುತಿಸಿ ಭಾರತ ಸರ್ಕಾರವು 1962ರಲ್ಲಿ ಪದ್ಮಭೂಷಣ ಪ್ರಶಸ್ತಿ ನೀಡಿತು. ತಾರಾಬಾಯಿಯವರು 1973ರಲ್ಲಿ ನಿಧನರಾದರು.

ಇವರ ನಿಧನದ ಎರಡು ವರ್ಷಗಳ ತರುವಾಯ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಇದಕ್ಕೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಆಯ್ಕೆಯಾಗಿತ್ತು. ಯೋಜನೆಯ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ಉಳಿದುಬಂದಿತು. ಅಂಗನವಾಡಿಗಳಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವನ್ನು ನೀಡಲಾಗುತ್ತದೆ. ಮಕ್ಕಳನ್ನು ದಾಖಲಿಸುವ ಪೋಷಕರು, ಮಗುವು ಮಣ್ಣು, ಮರಳು ಮತ್ತು ನೀರಿನೊಂದಿಗೆ ಆಡಿ ಬಟ್ಟೆ ಕೊಳೆ ಮಾಡಿಕೊಂಡು ಬಂದಲ್ಲಿ, ಅದನ್ನು ಕಾಲಹರಣವೆಂದು ಭಾವಿಸಬಾರದು. ಆಟದ ನಂತರ ಸಾಬೂನಿನಿಂದ ಕೈ ತೊಳೆಯುವ ಅಭ್ಯಾಸವನ್ನು ಮನೆಯಲ್ಲಿಯೂ ರೂಢಿಸುವುದು ಅವಶ್ಯಕ. ಅಕ್ಷರವನ್ನು ತಿದ್ದಬೇಕಾದ ಬೆರಳುಗಳು ಮೊದಲು ಪಳಗುವುದು ಅಂಗಳದ ಮಣ್ಣಿನಲ್ಲಿಯೇ ಎಂಬುದನ್ನು ತಾರಾಬಾಯಿಯವರ ಕಾರ್ಯವು ತೋರಿಸಿಕೊಟ್ಟಿದೆ.