ಗಾಡಿಯ ತಿರುವು ಸರಿಪಡಿಸಿದ ವೈದ್ಯ

ಮಕ್ಕಳೇ, ನಿಮ್ಮೂರಿನಲ್ಲಿ ಟ್ರಾಕ್ಟರ್ ಇದೆಯೇ? ಅದು ನಿಂತಿರುವಾಗ, ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಎಂಜಿನ್ ನಿಲ್ಲಿಸುವಂತೆ ಚಾಲಕರನ್ನು ಕೇಳಿ. ಆಮೇಲೆ ಎದುರಿಗೆ ನಿಂತು ಮುಂದಿನ ಎರಡು ಚಕ್ರಗಳನ್ನು ಗಮನಿಸಿ. ಎರಡೂ ಸಮಾಂತರವಾಗಿ ಇರುವುದಿಲ್ಲ. ತಿರುವಿನ ಒಳಬದಿಯ ಚಕ್ರ ಸ್ವಲ್ಪ ಹೆಚ್ಚು ತಿರುಗಿರುತ್ತದೆ, ಹೊರಬದಿಯದು ಸ್ವಲ್ಪ ಕಡಿಮೆ. ಏನೋ ಕೆಟ್ಟುಹೋಗಿದೆ ಎಂದುಕೊಳ್ಳಬೇಡಿ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಹೀಗೆ ಮಾಡಬೇಕೆಂದು ಮೋಟಾರು ವಾಹನಗಳು ಬರುವುದಕ್ಕೆ ನೂರು ವರ್ಷಕ್ಕೂ ಮೊದಲೇ ಯೋಚಿಸಿದವರು ಒಬ್ಬ ವೈದ್ಯರು. ಅವರ ಹೆಸರು ಎರಾಸ್ಮಸ್ ಡಾರ್ವಿನ್.

ಡಾರ್ವಿನ್ ಎಂದೊಡನೆ ನಿಮಗೆ ಜೀವವಿಕಾಸದ ಚಾರ್ಲ್ಸ್ ಡಾರ್ವಿನ್ ನೆನಪಾಗಬಹುದು. ಇವರು ಆ ಚಾರ್ಲ್ಸ್ ಅವರ ಅಜ್ಜ. 1731ರ ಡಿಸೆಂಬರ್ 12ರಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರಾಂತದ ಎಲ್‌ಸ್ಟನ್ ಎಂಬ ಹಳ್ಳಿಯಲ್ಲಿ ಜನಿಸಿದರು. ಕೇಂಬ್ರಿಜ್ ಮತ್ತು ಎಡಿನ್‌ಬರೊಗಳಲ್ಲಿ ಓದಿ ವೈದ್ಯರಾದರು. ನಾಟಿಂಗ್‌ಹ್ಯಾಮ್ ನಗರದಲ್ಲಿ ವೃತ್ತಿ ಆರಂಭಿಸಿದರೆ ರೋಗಿಗಳೇ ಬರಲಿಲ್ಲ! 1756ರಲ್ಲಿ ಲಿಚ್‌ಫೀಲ್ಡ್ ಎಂಬ ಸಣ್ಣ ಪಟ್ಟಣಕ್ಕೆ ಬಂದರು. ಅಲ್ಲಿ, ಬೇರೆ ವೈದ್ಯರು ಇನ್ನು ಬದುಕುವುದಿಲ್ಲವೆಂದು ಕೈಬಿಟ್ಟಿದ್ದ ಒಬ್ಬ ಯುವಕ ಇವರ ಚಿಕಿತ್ಸೆಯಿಂದ ಗುಣಮುಖನಾದ. ಅಲ್ಲಿಂದ ಅವರ ಹೆಸರು ಸುತ್ತಲೂ ಹರಡಿತು. ಅವರು ಮಾತನಾಡುವಾಗ ತೊದಲುತ್ತಿದ್ದರು. ಮೈಯೂ ಬಹಳ ದಪ್ಪ. ಆದರೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಡವರಿಂದ ಅವರು ಹಣ ಕೇಳುತ್ತಿರಲಿಲ್ಲ.

ಆಗ ರೋಗಿಯ ಮನೆಗೆ ವೈದ್ಯರೇ ಹೋಗಬೇಕಿತ್ತು. ಡಾರ್ವಿನ್ ಅವರು ವರ್ಷಕ್ಕೆ ಸುಮಾರು 16,000 ಕಿಲೋಮೀಟರ್ ಕುದುರೆ ಗಾಡಿಯಲ್ಲೇ ತಿರುಗುತ್ತಿದ್ದರು! ಲೆಕ್ಕ ಹಾಕಿ ನೋಡಿ, ದಿನಕ್ಕೆ ಎಷ್ಟಾಯಿತು? ರಸ್ತೆಗಳೋ, ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಗಟ್ಟಿಯಾದ ಗಾಡಿ ಜಾಡು. ಮುಂದೆ ಅವರ ಗಾಡಿಯೊಳಗೆ ಬರೆಯಲು ಹಲಗೆ, ಒಂದು ಪಕ್ಕದಲ್ಲಿ ಪುಸ್ತಕಗಳ ರಾಶಿ, ಇನ್ನೊಂದು ಪಕ್ಕದಲ್ಲಿ ಹಣ್ಣು ತಿಂಡಿಗಳ ಬುಟ್ಟಿ ಎಲ್ಲವೂ ಇರುತ್ತಿದ್ದವು. ಜೀನು ಹಾಕಿದ ಒಂದು ಕುದುರೆ, ಹಗ್ಗ ಕಟ್ಟದಿದ್ದರೂ, ಗಾಡಿಯ ಹಿಂದೆಯೇ ಬರುತ್ತಿತ್ತು. ಗಾಡಿ ಹೋಗದಷ್ಟು ಕೆಟ್ಟ ದಾರಿ ಬಂದರೆ ವೈದ್ಯರು ಅದನ್ನೇರಿ ಹೋಗುತ್ತಿದ್ದರು. ಆ ಕುದುರೆಯ ಹೆಸರು ಏನು ಗೊತ್ತೇ? ಡಾಕ್ಟರ್!

ಆ ಕಾಲದ ನಾಲ್ಕು ಚಕ್ರದ ಗಾಡಿಯಲ್ಲಿ ಒಂದು ದೊಡ್ಡ ದೋಷವಿತ್ತು. ಮುಂದಿನ ಅಚ್ಚಿನ ನಡುವೆ ಒಂದೇ ಒಂದು ಕೀಲು. ಗಾಡಿ ತಿರುಗಬೇಕಾದರೆ ಇಡೀ ಅಚ್ಚು, ಎರಡು ಚಕ್ರಗಳ ಸಮೇತ, ಆ ಕೀಲಿನ ಸುತ್ತ ತಿರುಗಬೇಕು. ಆಗ ಒಂದು ಮುಂದಿನ ಚಕ್ರ ಹಿಂದಕ್ಕೆ ಸರಿದು ಗಾಡಿಯ ಅಡಿಗೆ ಬರುತ್ತದೆ. ನಾಲ್ಕು ಕಾಲಿನ ಮೇಜಿನ ಒಂದು ಕಾಲನ್ನು ಮೂಲೆಯಿಂದ ನಡುವಿಗೆ ಸರಿಸಿದರೆ ಏನಾಗುತ್ತದೆ? ಆ ಮೂಲೆಗೆ ಆಧಾರವಿಲ್ಲದೆ ಮೇಜು ವಾಲುತ್ತದೆ. ಗಾಡಿಯೂ ಹಾಗೆಯೇ, ವೇಗವಾಗಿ ತಿರುಗಿದರೆ ಮಗುಚುತ್ತಿತ್ತು. ಜೊತೆಗೆ, ಚಕ್ರ ಗಾಡಿಯ ಅಡಿಯಲ್ಲಿ ನುಸುಳಬೇಕಾದ್ದರಿಂದ ಮುಂದಿನ ಚಕ್ರಗಳನ್ನು ಚಿಕ್ಕದಾಗಿ ಮಾಡುತ್ತಿದ್ದರು. ಚಿಕ್ಕ ಚಕ್ರ ಗುಂಡಿಗೆ ಬಿದ್ದರೆ ಮೇಲೇಳುವುದು ಕಷ್ಟ. ಸಾಯುತ್ತಿರುವ ರೋಗಿಯ ಮನೆಗೆ ಹೋಗುವ ವೈದ್ಯರ ಗಾಡಿ ದಾರಿಯಲ್ಲಿ ಮಗುಚಿದರೆ ಏನು ಗತಿ?

1759ರ ಹೊತ್ತಿಗೆ ಡಾರ್ವಿನ್ ಅವರು ಹೊಸ ಏರ್ಪಾಡು ರೂಪಿಸಿದರು. ಅಚ್ಚು ತಿರುಗುವುದು ಬೇಡ, ಪ್ರತಿ ಚಕ್ರವೂ ತನ್ನ ಜಾಗದಲ್ಲೇ, ತನ್ನದೇ ಕೀಲಿನ ಮೇಲೆ ತಿರುಗಲಿ ಎಂದರು. ಆದರೆ ಎರಡೂ ಚಕ್ರ ಒಂದೇ ಕೋನದಲ್ಲಿ ತಿರುಗಿದರೆ ಸರಿಹೋಗುತ್ತದೆಯೇ? ಇಲ್ಲ. ನಿಮ್ಮ ಶಾಲೆಯ ಕವಾಯತಿನಲ್ಲಿ ನಾಲ್ಕು ಜನ ಸಾಲಾಗಿ ಕೈ ಹಿಡಿದು ತಿರುಗುವುದನ್ನು ನೆನೆಸಿಕೊಳ್ಳಿ. ಒಳಗಿನವನು ಚಿಕ್ಕ ವೃತ್ತದಲ್ಲಿ ನಡೆಯುತ್ತಾನೆ, ಹೊರಗಿನವನು ದೊಡ್ಡ ವೃತ್ತದಲ್ಲಿ. ಚಕ್ರಗಳದ್ದೂ ಅದೇ ಕಥೆ. ಚಿಕ್ಕ ವೃತ್ತಕ್ಕೆ ಹೆಚ್ಚು ತಿರುಗಬೇಕು, ದೊಡ್ಡ ವೃತ್ತಕ್ಕೆ ಕಡಿಮೆ ಸಾಕು. ಎರಡನ್ನೂ ಒಂದೇ ಕೋನದಲ್ಲಿ ತಿರುಗಿಸಿದರೆ ಯಾವುದಾದರೂ ಒಂದು ಚಕ್ರ ಉರುಳುವುದರ ಜೊತೆಗೆ ಅಡ್ಡಡ್ಡ ಉಜ್ಜಿಕೊಂಡೂ ಹೋಗಬೇಕಾಗುತ್ತದೆ. ಉರುಳುವಾಗ ಘರ್ಷಣೆ ಕಡಿಮೆ, ಜಾರುವಾಗ ಹೆಚ್ಚು ಎಂದು ನೀವು ಓದಿದ್ದೀರಿ. ಉಜ್ಜಿದ ಚಕ್ರ ಸವೆಯುತ್ತದೆ, ಕುದುರೆಗೂ ವೃಥಾ ಶ್ರಮ. ಹಾಗಾಗಿ ಹಿಂದಿನ ಅಚ್ಚಿನ ರೇಖೆಯನ್ನು ಪಕ್ಕಕ್ಕೆ ಎಳೆದರೆ, ಮುಂದಿನ ಎರಡು ಚಕ್ರಗಳ ಅಚ್ಚಿನ ರೇಖೆಗಳೂ ಆ ರೇಖೆಯ ಮೇಲೆ ಒಂದೇ ಬಿಂದುವಿನಲ್ಲಿ ಬಂದು ಸೇರಬೇಕು. ಆ ಬಿಂದುವೇ ತಿರುವಿನ ಕೇಂದ್ರ. ಹೀಗಾಗುವಂತೆ ಅವರು ಚಕ್ರಗಳನ್ನು ಸರಳುಗಳಿಂದ ಜೋಡಿಸಿದರು.

ಕಾಗದದ ಮೇಲೆ ಚೆನ್ನಾಗಿದೆ, ಓಡಿಸಿದರೆ ಹೇಗೆ? ಈ ಮಾದರಿಯ ಎರಡು ಗಾಡಿಗಳಲ್ಲಿ ಅವರು 32,000 ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣಿಸಿ ಪರೀಕ್ಷಿಸಿದರು. ಇದಕ್ಕಿಂತ ದೊಡ್ಡ ಪ್ರಯೋಗ ಬೇಕೇ? ಆದರೂ ಅವರು ಪೇಟೆಂಟ್ ಪಡೆಯಲಿಲ್ಲ. ಗಾಡಿ ರಿಪೇರಿ ಮಾಡುವ ಡಾಕ್ಟರನ್ನು ರೋಗಿಗಳು ನಂಬುವುದಿಲ್ಲ ಎಂಬ ಅಂಜಿಕೆ ಅವರಿಗಿತ್ತು. ನನಗೆ ಇದು ಸ್ವಲ್ಪ ಬೇಸರದ ಸಂಗತಿಯೇ. ಆದರೆ ಅವರ ಅನ್ನದ ದಾರಿ ವೈದ್ಯ ವೃತ್ತಿಯೇ ತಾನೇ?

1768ರಲ್ಲಿ ಒಂದು ದಿನ ಅವರು ಗಾಡಿಯಿಂದ ಉರುಳಿಬಿದ್ದು ಮೊಣಕಾಲಿನ ಚಿಪ್ಪು ಮುರಿಯಿತು. ಕೊನೆಯವರೆಗೂ ಕುಂಟುತ್ತಲೇ ನಡೆದರು. ಆದರೆ ಸುತ್ತಾಟ ನಿಲ್ಲಿಸಲಿಲ್ಲ. ಆವಿ ಎಂಜಿನ್ ಸುಧಾರಿಸಿದ ಜೇಮ್ಸ್ ವಾಟ್, ಆಮ್ಲಜನಕದ ಪ್ರೀಸ್ಟ್ಲಿ ಮೊದಲಾದವರು ಅವರ ಗೆಳೆಯರು. ಇವರೆಲ್ಲ ಬರ್ಮಿಂಗ್‌ಹ್ಯಾಮಿನ ಸುತ್ತಮುತ್ತ ಹುಣ್ಣಿಮೆಯ ಹತ್ತಿರದ ದಿನಗಳಲ್ಲಿ ಸಭೆ ಸೇರುತ್ತಿದ್ದರು. ಹುಣ್ಣಿಮೆಯೇ ಏಕೆ? ರಾತ್ರಿ ಗಾಡಿಯಲ್ಲಿ ಮನೆಗೆ ಮರಳಲು ಬೆಳದಿಂಗಳು ಬೇಕಿತ್ತು! ಡಾರ್ವಿನ್ ಅವರು ಮಾತನಾಡುವ ಯಂತ್ರ, ಬರಹದ ನಕಲು ತೆಗೆಯುವ ಯಂತ್ರಗಳನ್ನೂ ಮಾಡಿದರು. ಸಸ್ಯಗಳ ಬಗ್ಗೆ ಕಾವ್ಯ ಬರೆದರು. ಗುಲಾಮಗಿರಿಯನ್ನು ವಿರೋಧಿಸಿದರು, ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ 1797ರಲ್ಲಿ ಪುಸ್ತಕ ಪ್ರಕಟಿಸಿದರು. 1802ರ ಏಪ್ರಿಲ್ 18ರಂದು ತೀರಿಕೊಂಡರು. ಮೊಮ್ಮಗ ಚಾರ್ಲ್ಸ್ ಹುಟ್ಟಿದ್ದು ಅದಾಗಿ ಏಳು ವರ್ಷಗಳ ನಂತರ.

ಆಮೇಲೆ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಗಾಡಿ ತಯಾರಿಸುತ್ತಿದ್ದ ಲಾಂಕೆನ್‌ಸ್ಪರ್ಗರ್ ಎಂಬವರು ಇದೇ ಉಪಾಯವನ್ನು ಮತ್ತೆ ಕಂಡುಹಿಡಿದರು. ಅವರ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವರು ಅಕರ್ಮನ್ ಎಂಬ ಪ್ರಕಾಶಕರು. ಇಂದಿಗೂ ಈ ಏರ್ಪಾಡಿಗೆ ಅಕರ್ಮನ್ ಸ್ಟಿಯರಿಂಗ್ ಎಂದೇ ಹೆಸರು!

ಈಗ ಕಬ್ಬಿಣದ ಪಟ್ಟಿಯ ಬದಲು ರಬ್ಬರ್ ಟೈರು ಬಂದಿದೆ, ಕಾರುಗಳ ವೇಗ ಬಹಳ ಹೆಚ್ಚಿದೆ. ಬಹು ವೇಗದ ಕಾರುಗಳಲ್ಲಿ ಟೈರುಗಳು ಅಗಲವಾಗಿರುತ್ತವೆ. ತಿರುವಿನಲ್ಲಿ ಹಿಡಿತ ಸಿಗಲೆಂದು ಚಕ್ರದ ಮೇಲ್ಭಾಗವನ್ನು ಸ್ವಲ್ಪ ಒಳಕ್ಕೆ ವಾಲಿಸಿರುತ್ತಾರೆ. ವಾಲು ಅತಿಯಾದರೆ ಟೈರಿನ ಒಳ ಅಂಚು ಮಾತ್ರ ಸವೆದು ಬೋಳಾಗುತ್ತದೆ. ಹೊರಗಿನಿಂದ ನೋಡಿದರೆ ಟೈರು ಹೊಸದರಂತೆಯೇ ಕಾಣುವುದರಿಂದ ಇದು ಅಪಾಯಕಾರಿ. ನೇರವಾಗಿ ಹೋಗುವಾಗ ಎರಡು ಚಕ್ರಗಳು ಒಂದಕ್ಕೊಂದು ಮುಖ ಮಾಡಿದಂತೆ ಅಥವಾ ಮುಖ ತಿರುಗಿಸಿದಂತೆ ಇದ್ದರೆ ಟೈರು ಪ್ರತಿ ಸುತ್ತಿಗೂ ರಸ್ತೆಗೆ ಅಡ್ಡಲಾಗಿ ಉಜ್ಜುತ್ತದೆ. ಮೇಲೆ ಅಂಗೈ ಆಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಒರಟು. ಇದನ್ನು ತಪ್ಪಿಸಲು ಗ್ಯಾರೇಜಿನಲ್ಲಿ ವ್ಹೀಲ್ ಅಲೈನ್‌ಮೆಂಟ್ ಮಾಡಿಸುತ್ತಾರೆ. ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ. ಆದ್ದರಿಂದ ಗಾಳಿಯನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಸಾಮಾನ್ಯ ಕಾರಿನಲ್ಲಿ ಮುಂದಿನ ಟೈರನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಬದಲಿಸಿ ಸವೆತವನ್ನು ಹಂಚುತ್ತಾರೆ. ಹಲವು ವೇಗದ ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಾಗಿರುವುದರಿಂದ ಹಾಗೆ ಬದಲಿಸಲು ಆಗುವುದಿಲ್ಲ. ಅಂಥ ಕಾರಿಗೆ ಅಲೈನ್‌ಮೆಂಟ್ ಮತ್ತು ಗಾಳಿಯೇ ಗತಿ.

ಮಾಡಿ ನೋಡಿ: ಕಾಗದದ ಮೇಲೆ 5 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಆಯತ ಬರೆಯಿರಿ. ಅದೇ ಕಾರು, ನಾಲ್ಕು ಮೂಲೆಗಳೇ ಚಕ್ರಗಳು. 3 ಸೆಂ.ಮೀ.ನ ಒಂದು ಬಾಹು ಹಿಂದಿನ ಅಚ್ಚು. ಅದನ್ನು ಪಕ್ಕಕ್ಕೆ 10 ಸೆಂ.ಮೀ. ಮುಂದುವರಿಸಿ ಒಂದು ಚುಕ್ಕೆ ಇಡಿ. ಆ ಚುಕ್ಕೆಯಿಂದ ಮುಂದಿನ ಎರಡು ಮೂಲೆಗಳಿಗೆ ಗೆರೆ ಎಳೆದು, ಹಿಂದಿನ ಅಚ್ಚಿನ ಗೆರೆಯೊಂದಿಗೆ ಅವು ಮಾಡುವ ಕೋನಗಳನ್ನು ಕೋನಮಾಪಕದಿಂದ ಅಳೆಯಿರಿ. ಚುಕ್ಕೆಗೆ ಹತ್ತಿರದ ಚಕ್ರಕ್ಕೆ ಸುಮಾರು 27 ಡಿಗ್ರಿ, ದೂರದ ಚಕ್ರಕ್ಕೆ 21 ಡಿಗ್ರಿ ಬರುತ್ತದೆ. ಈಗ ಚುಕ್ಕೆಯನ್ನು 10ರ ಬದಲು 20 ಸೆಂ.ಮೀ. ದೂರದಲ್ಲಿಟ್ಟು ಅಳೆಯಿರಿ. ಎರಡು ಕೋನಗಳ ವ್ಯತ್ಯಾಸ ಹೆಚ್ಚಿತೋ, ಕಡಿಮೆಯಾಯಿತೋ?