ಎದುರಾಳಿಯ ನೆಲದಲ್ಲಿ ಪಕ್ಷ ಕಟ್ಟಿದ ಶಾಂತವೇರಿ ಗೋಪಾಲಗೌಡ

1952ರಲ್ಲಿ ಮೈಸೂರು ವಿಧಾನಸಭೆಗೆ ಪ್ರಥಮ ಸಾರ್ವತ್ರಿಕ ಚುನಾವಣೆ ನಡೆದಾಗ 99 ಸ್ಥಾನಗಳ ಪೈಕಿ 74 ಸ್ಥಾನಗಳು ಕಾಂಗ್ರೆಸ್ಸಿನ ಪಾಲಾದವು. ಸಮಾಜವಾದಿ ಪಕ್ಷಕ್ಕೆ ದೊರೆತದ್ದು ಕೇವಲ ಮೂರು. ಆ ಮೂವರಲ್ಲಿ ಒಬ್ಬರು, ಸಾಗರ-ಹೊಸನಗರ ಕ್ಷೇತ್ರದಿಂದ ಆಯ್ಕೆಯಾದ 29 ವರ್ಷದ ಶಾಂತವೇರಿ ಗೋಪಾಲಗೌಡ. ಹಣಬಲವಾಗಲಿ ಮನೆತನದ ಪ್ರಭಾವವಾಗಲಿ ಇಲ್ಲದ ಈ ಯುವಕ ಕಾಂಗ್ರೆಸ್ಸಿನ ಭದ್ರಕೋಟೆಯಲ್ಲಿ ಗೆದ್ದ ಬಗೆಯನ್ನು ಅರಿಯಬೇಕಾದರೆ ಮಲೆನಾಡಿನ ಗದ್ದೆಗಳತ್ತ ನೋಡಬೇಕು.

ಗೋಪಾಲಗೌಡರು 1923ರ ಮಾರ್ಚ್ 14ರಂದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ ಬಡ ರೈತ ಕುಟುಂಬದಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ಜಯಪ್ರಕಾಶ ನಾರಾಯಣ ಮತ್ತು ರಾಮಮನೋಹರ ಲೋಹಿಯಾ ಅವರ ವಿಚಾರಗಳು ಅವರನ್ನು ಸಮಾಜವಾದಿ ಪಕ್ಷದತ್ತ ಸೆಳೆದವು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ದಾರಿ ಕಾಂಗ್ರೆಸ್ಸಿನಲ್ಲಿ ತೆರೆದಿತ್ತು. ಅವರು ಅದನ್ನು ಹಿಡಿಯಲಿಲ್ಲ.

ಆಗ ಮಲೆನಾಡಿನಲ್ಲಿ ಕಾಂಗ್ರೆಸ್ಸನ್ನು ಎದುರಿಸುವುದು ಸುಲಭದ ಮಾತಾಗಿರಲಿಲ್ಲ. ಗಾಂಧೀಜಿಯವರ ಹೆಸರು, ಸ್ವಾತಂತ್ರ್ಯ ತಂದ ಕೀರ್ತಿ, ಸರಕಾರದ ಬಲ ಮೂರೂ ಅದರ ಬೆನ್ನಿಗಿದ್ದವು. ದೊಡ್ಡ ಜಮೀನುದಾರರು ಬಹುಪಾಲು ಅದರ ನೆರಳಿನಲ್ಲೇ ಇದ್ದರು. ಒಡೆಯನ ಗದ್ದೆಯನ್ನು ಉಳುವವನು ಒಡೆಯ ಹೇಳಿದವರಿಗೇ ಮತ ಹಾಕುವ ಸ್ಥಿತಿ. ಕಡಿದಾಳ್ ಮಂಜಪ್ಪನವರಂಥ ಸಜ್ಜನ ನಾಯಕರೂ ಆ ಪಕ್ಷದಲ್ಲಿದ್ದುದರಿಂದ ಬರೀ ಟೀಕೆಯಿಂದ ಜನಮನ ಗೆಲ್ಲುವುದು ಸಾಧ್ಯವಿರಲಿಲ್ಲ.

ಕೊಳಗದ ಅಳತೆ, ಕಾಗೋಡಿನ ಹೋರಾಟ

ತೊರವಿ, ತಿಕೋಟ, ಬಬಲೇಶ್ವರದ ಕಡೆ ಹೊಲವನ್ನು ಲಾವಣಿಗೋ ಪಾಲಿಗೋ ಹಾಕುವಂತೆ ಮಲೆನಾಡಿನಲ್ಲಿ ಗದ್ದೆಯನ್ನು ಗೇಣಿಗೆ ಕೊಡುವ ಪದ್ಧತಿಯಿತ್ತು. ಆದರೆ ಒಂದು ವ್ಯತ್ಯಾಸವಿತ್ತು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಗೆ 1948ರ ಮುಂಬಯಿ ಗೇಣಿ ಕಾಯಿದೆ ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನದ ಮಲೆನಾಡಿನ ಗೇಣಿದಾರನಿಗೆ ಅಂಥ ರಕ್ಷಣೆ ಇನ್ನೂ ದೊರೆತಿರಲಿಲ್ಲ. ಒಡೆಯ ಬಿಡು ಎಂದರೆ ಅವನು ಗದ್ದೆ ಬಿಡಬೇಕಿತ್ತು.

ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಹೆಚ್ಚಾಗಿ ದೀವರ ಸಮುದಾಯದವರು. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದೆಂಬುದು ಅವರ ದೂರು. ವರ್ಷವಿಡೀ ಕೆಸರಿನಲ್ಲಿ ದುಡಿದು ಕಣದಲ್ಲಿ ರಾಶಿ ಮಾಡಿದ ಭತ್ತದಲ್ಲಿ ಪ್ರತಿ ಕೊಳಗಕ್ಕೂ ಒಂದಿಷ್ಟು ಹೆಚ್ಚಾಗಿ ಹೋದರೆ ಮಳೆಗಾಲಕ್ಕೆ ಮನೆಯಲ್ಲಿ ಉಳಿಯುವುದೇನು? ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಈ ಅನ್ಯಾಯವನ್ನು ಪ್ರಶ್ನಿಸಿದರು. ಪ್ರಶ್ನಿಸಿದವರಿಗೆ ಉಳಲು ಗದ್ದೆ ನಿರಾಕರಿಸಲಾಯಿತು.

1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ತಂಡ ತಂಡವಾಗಿ ನೇಗಿಲು ಹಿಡಿದು ಗದ್ದೆಗಿಳಿದರು, ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಹೋರಾಟದ ಬೆನ್ನಿಗೆ ನಿಂತಿತು. ಗೋಪಾಲಗೌಡರು ಹಳ್ಳಿಯಿಂದ ಹಳ್ಳಿಗೆ ನಡೆದು ಜನರನ್ನು ಸಂಘಟಿಸಿದರು, ತಾವೂ ಸೆರೆಯಾದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದಾಗ ಮಲೆನಾಡಿನ ಮೂಲೆಯ ಹಳ್ಳಿಯ ಹೆಸರು ದೇಶಕ್ಕೆಲ್ಲ ತಿಳಿಯಿತು.

ಒಕ್ಕಲಿಗರಾದ ಗೋಪಾಲಗೌಡರು ಬೇರೆ ತಾಲೂಕಿನಿಂದ ಬಂದು ದೀವರ ಗೇಣಿದಾರರೊಡನೆ ನಿಂತದ್ದು ಗಮನಾರ್ಹ. ಪಕ್ಷಕ್ಕೆ ನೆಲೆ ದೊರೆತದ್ದು ಇಲ್ಲಿಯೇ. ಸಮಾಜವಾದ ಎಂಬ ಪದದ ಅರ್ಥ ಬಹುಮಂದಿಗೆ ತಿಳಿದಿರಲಿಕ್ಕಿಲ್ಲ. ಕೊಳಗದ ಲೆಕ್ಕ ಮಾತ್ರ ಎಲ್ಲರಿಗೂ ತಿಳಿದಿತ್ತು. ಆ ಲೆಕ್ಕವನ್ನು ಕೇಳಲು ತಮ್ಮೊಡನೆ ಜೈಲಿಗೆ ಬಂದವನನ್ನು ಜನ ತಮ್ಮವನೆಂದು ಒಪ್ಪಿಕೊಂಡರು.

ಮತದೊಂದಿಗೆ ಒಂದು ರೂಪಾಯಿ

ಸತ್ಯಾಗ್ರಹಕ್ಕೆ ತತ್‌ಕ್ಷಣದ ಜಯ ದೊರೆಯಲಿಲ್ಲ. ಆದರೆ ಮರುವರ್ಷದ ಚುನಾವಣೆಯಲ್ಲಿ ಅದರ ಫಲ ಕಾಣಿಸಿತು. ಗೋಪಾಲಗೌಡರು ಕಾಂಗ್ರೆಸ್ಸಿನ ಪ್ರಬಲ ಅಭ್ಯರ್ಥಿ ಎ.ಆರ್. ಬದರಿನಾರಾಯಣ ಅವರನ್ನು ಸೋಲಿಸಿದರು. ಮತದೊಂದಿಗೆ ಒಂದು ರೂಪಾಯಿಯನ್ನೂ ಮತದಾರರಿಂದಲೇ ಕೇಳುವುದು ಅವರ ಚುನಾವಣೆಗಳ ವೈಶಿಷ್ಟ್ಯವಾಗಿತ್ತು. ತಾನೇ ಹಣ ಕೊಟ್ಟ ಮತದಾರ ಆ ಪಕ್ಷದ ಪಾಲುದಾರನೂ ಆಗುತ್ತಾನೆಂಬುದು ಈ ಕ್ರಮದ ಹಿಂದಿನ ತಿಳಿವಳಿಕೆ.

ಗೆಲುವು ಸ್ಥಿರವಾಗಿ ಉಳಿಯಲಿಲ್ಲ. 1957ರಲ್ಲಿ ಅವರು ಸೋತರು. ರಾಷ್ಟ್ರಮಟ್ಟದಲ್ಲಿ ಸಮಾಜವಾದಿಗಳು ಕೂಡುವುದು, ಒಡೆಯುವುದು ನಡೆದೇ ಇತ್ತು. 1955ರಲ್ಲಿ ಲೋಹಿಯಾ ಬೇರೆ ಪಕ್ಷ ಕಟ್ಟಿದಾಗ ಗೋಪಾಲಗೌಡರು ಅವರ ಜೊತೆಗೇ ನಿಂತರು. ಸೋಲಿನ ಐದು ವರ್ಷಗಳ ಬಳಿಕ, 1962ರಲ್ಲಿ ತೀರ್ಥಹಳ್ಳಿಯಿಂದ ಆಯ್ಕೆಯಾದರು. 1967ರಲ್ಲಿ ಅಲ್ಲಿಂದಲೇ ಪುನಃ ಗೆದ್ದರು. ಅದೇ ವರ್ಷ ಸಂಯುಕ್ತ ಸಮಾಜವಾದಿ ಪಕ್ಷದಿಂದ ಜೆ.ಎಚ್. ಪಟೇಲ್ ಶಿವಮೊಗ್ಗ ಲೋಕಸಭಾ ಕ್ಷೇತ್ರವನ್ನೂ ಎಸ್. ಬಂಗಾರಪ್ಪ ಸೊರಬವನ್ನೂ ಗೆದ್ದರು. ಮುಂದೆ ಇಬ್ಬರೂ ರಾಜ್ಯದ ಮುಖ್ಯಮಂತ್ರಿಗಳಾದರು. ಒಂದು ಕ್ಷೇತ್ರದಲ್ಲಿ ಬಿದ್ದ ಬೀಜ ಜಿಲ್ಲೆಗೆಲ್ಲ ಹಬ್ಬಿದ್ದಕ್ಕೆ ಇದು ಸಾಕ್ಷಿ.

ಸದನದಲ್ಲಿ ಅವರ ಪಕ್ಷದ ಸಂಖ್ಯೆ ಚಿಕ್ಕದಾದರೂ ಅವರ ದನಿ ಚಿಕ್ಕದಾಗಿರಲಿಲ್ಲ. ಗೇಣಿದಾರರ ಹಕ್ಕು, ಕನ್ನಡದಲ್ಲಿ ಆಡಳಿತ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಇವು ಅವರು ಬಿಡದೆ ಎತ್ತಿದ ವಿಷಯಗಳು. 1956ರ ನವೆಂಬರ್ 1ರಂದು ವಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಮೈಸೂರು ರಾಜ್ಯದೊಡನೆ ಒಂದಾದವು. ಸಂಸ್ಥಾನದ ಹೆಸರು ಈ ಭಾಗದ ಜನರಿಗೆ ತಮ್ಮದೆನಿಸಿರಲಿಲ್ಲ. ಹಳೆಯ ಮೈಸೂರಿನವರೇ ಆದ ಗೋಪಾಲಗೌಡರು ಆ ಹೆಸರಿನ ಬದಲಾವಣೆಗೆ ಒತ್ತಾಯಿಸಿದ್ದನ್ನು ಉತ್ತರ ಕರ್ನಾಟಕ ಮರೆಯುವಂತಿಲ್ಲ.

ಸಾಹಿತ್ಯದ ಒಡನಾಟವೂ ಅವರಿಗಿತ್ತು. ಕವಿ ಗೋಪಾಲಕೃಷ್ಣ ಅಡಿಗರು ಅವರ ಆಪ್ತರು. ಯು.ಆರ್. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ನಾಯಕನ ಪಾತ್ರಕ್ಕೆ ಗೋಪಾಲಗೌಡರ ಬದುಕೇ ಪ್ರೇರಣೆಯೆಂಬುದು ಓದುಗರೆಲ್ಲ ಬಲ್ಲ ಸಂಗತಿ.

ಎದುರಾಳಿಗಳೇ ಜಾರಿಗೆ ತಂದರು

ದೀರ್ಘಕಾಲದ ಅನಾರೋಗ್ಯದ ನಂತರ 1972ರ ಜೂನ್ 9ರಂದು ಗೋಪಾಲಗೌಡರು ನಿಧನರಾದರು. ಆಗ ಅವರಿಗೆ 49 ವರ್ಷ. ಆ ವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ ಸಮಾಜವಾದಿಗಳಾಗಿ ಗೆದ್ದಿದ್ದರು. ಬಳಿಕ ಪಕ್ಷ ಚದುರಿತು. ಅವರ ಹಾದಿಯಲ್ಲಿ ಬೆಳೆದ ಹಲವರು ಬೇರೆ ಬೇರೆ ಪಕ್ಷಗಳನ್ನು ಸೇರಿದರು. ಕೆಲವರು ಯಾವ ಪಕ್ಷವನ್ನು ಎದುರಿಸಿ ಬಂದಿದ್ದರೋ ಆ ಕಾಂಗ್ರೆಸ್ಸಿಗೇ ಹೋದರು. ಒಬ್ಬ ನಾಯಕನ ನೈತಿಕ ಬಲದ ಮೇಲೆ ನಿಂತ ಸಂಘಟನೆಗೆ ಅವನ ನಂತರ ಬಾಳುವುದು ಕಷ್ಟ ಎಂಬ ಪಾಠವೂ ಈ ಕಥೆಯಲ್ಲಿದೆ.

ಆದರೂ ಅವರು ಕೇಳಿದ್ದು ವ್ಯರ್ಥವಾಗಲಿಲ್ಲ. ಅವರೊಡನೆ 1952ರಲ್ಲೇ ಸದನ ಪ್ರವೇಶಿಸಿದ್ದ ಕಾಂಗ್ರೆಸ್ಸಿನ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂ ಸುಧಾರಣಾ ಕಾಯಿದೆ ಜಾರಿಗೆ ಬಂದು, ಗೇಣಿ ಜಮೀನುಗಳು ಸರಕಾರಕ್ಕೆ ಸೇರಿ, ಉಳುವವನು ಭೂ ನ್ಯಾಯಮಂಡಲಿಯ ಮುಂದೆ ಹಕ್ಕು ಕೇಳುವಂತಾಯಿತು. ಸಾಗರದ ಗೇಣಿದಾರನಿಗೆ ಒದಗಿದ ಆ ಅವಕಾಶ ವಿಜಾಪುರದ ಲಾವಣಿದಾರನಿಗೂ ಒದಗಿತು. ಎದುರಾಳಿಯ ನೆಲದಲ್ಲಿ ಪಕ್ಷ ಕಟ್ಟಹೊರಟ ಗೋಪಾಲಗೌಡರ ಪಕ್ಷ ಉಳಿಯಲಿಲ್ಲ. ಕಾಗೋಡಿನ ಗೇಣಿದಾರನ ಪ್ರಶ್ನೆಗೆ ಮಾತ್ರ ಎದುರಾಳಿ ಪಕ್ಷವೇ ಕಾನೂನಿನಲ್ಲಿ ಉತ್ತರ ಬರೆಯಬೇಕಾಯಿತು.