ವೆಂಕಟಪ್ಪನವರು ನನಗೂ ಓದು ಕಲಿಸಿದರು

ಟಿಇಟಿ ಪರೀಕ್ಷೆಯಲ್ಲಿ ಪಾಸಾಗಲು 150ಕ್ಕೆ 90 ಅಂಕ ಬೇಕು. ನನಗೆ ಬಂದಿದ್ದು 86. ಕೀ ಉತ್ತರ ಮುಂದಿಟ್ಟುಕೊಂಡು ತಾಳೆ ನೋಡಿದೆ. ಮನೋವಿಜ್ಞಾನ ಪರವಾಗಿಲ್ಲ, ಸಮಾಜ ವಿಜ್ಞಾನ ಚೆನ್ನಾಗಿಯೇ ಇತ್ತು. ಕೈಕೊಟ್ಟಿದ್ದು ಕನ್ನಡ! ಅದೂ ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳು. ಉತ್ತರ ಅಲ್ಲೇ ಕಣ್ಣೆದುರು ಇರುತ್ತದೆ, ಅದಕ್ಕೇನು ತಯಾರಿ ಎಂದು ನಾನು ಕಡೆಗಣಿಸಿದ್ದ ಭಾಗ. ಕನ್ನಡ ಐಚ್ಛಿಕ ತಗೊಂಡು ಬಿ.ಎ., ಆಮೇಲೆ ಬಿ.ಇಡಿ ಮಾಡಿದವಳಿಗೆ ಕನ್ನಡ ಓದಿ ಅರ್ಥಮಾಡಿಕೊಳ್ಳಲು ಬರುವುದಿಲ್ಲ ಎಂದು ಅಪ್ಪನಿಗೆ ಹೇಗೆ ಹೇಳುವುದು? ಪೇಪರ್ ಕಷ್ಟವಿತ್ತು ಎಂದಷ್ಟೇ ಹೇಳಿ ಸುಮ್ಮನಾದೆ.

ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಐದರಿಂದ ಏಳನೇ ಕ್ಲಾಸಿನ ಹನ್ನೊಂದು ಮಕ್ಕಳಿಗೆ ಪಾಠ ಹೇಳುತ್ತೇನೆ. ಬರುವ ದುಡ್ಡು ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಆಗುತ್ತದೆ. ಅವರಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗನಿದ್ದಾನೆ. ಪಾಠವನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದ. ಒತ್ತಕ್ಷರವೂ ತಪ್ಪುತ್ತಿರಲಿಲ್ಲ. ಓದಿದ್ದರಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ಜಂತೆ ನೋಡುತ್ತಿದ್ದ. ಆದರೂ ಪ್ರಶ್ನೋತ್ತರ ಸರಿಯಾಗಿ ಬರೆದು ತರುತ್ತಿದ್ದ. ಹೇಗೆ ಎಂದು ಗಮನಿಸಿದೆ. ಪ್ರಶ್ನೆಯಲ್ಲಿರುವ ಪದ ಪಾಠದ ಯಾವ ಸಾಲಿನಲ್ಲಿದೆಯೋ ಹುಡುಕಿ, ಆ ಸಾಲನ್ನು ಹಾಗೇ ಇಳಿಸಿಬಿಡುತ್ತಿದ್ದ. ನಗು ಬಂತು. ಮರುಕ್ಷಣವೇ ನಗು ನಿಂತುಹೋಯಿತು. ಪರೀಕ್ಷೆಯಲ್ಲಿ ನಾನು ಮಾಡಿದ್ದೂ ಅದನ್ನೇ ಅಲ್ಲವೇ?

ಅದೇ ಹುಡುಗ ಸಾಣೇಹಳ್ಳಿಯಲ್ಲಿ ನಾಟಕ ನೋಡಿ ಬಂದ ಮರುದಿನ ಇಡೀ ಕಥೆ ಹೇಳಿದ. ಯಾರು ಯಾರಿಗೆ ಸುಳ್ಳು ಹೇಳಿದರು, ಯಾಕೆ ಹೇಳಿದರು ಎಂಬುದನ್ನೂ ಬಿಡಲಿಲ್ಲ. ಅಂದರೆ ಅರ್ಥಮಾಡಿಕೊಳ್ಳುವ ಶಕ್ತಿ ಅವನಿಗಿದೆ. ಪುಸ್ತಕ ಬಿಡಿಸಿದ ಕೂಡಲೇ ಅದು ಬಾಗಿಲು ಹಾಕಿಕೊಳ್ಳುತ್ತದೆ ಅಷ್ಟೇ. ಒಬ್ಬ ಮನುಷ್ಯನ ಬದುಕನ್ನೇ ಓದಲು ಕೊಟ್ಟರೆ ಹೇಗೆ ಎನ್ನಿಸಿತು. ಮಕ್ಕಳಿಗೆಲ್ಲ ಚಿತ್ರ ಬಿಡಿಸುವುದೆಂದರೆ ಇಷ್ಟ. ಹಾಗಾಗಿ ಚಿತ್ರಕಲಾವಿದರೇ ಆಗಲಿ ಎಂದುಕೊಂಡೆ.

ನನ್ನ ಸಾಮಾನ್ಯ ಜ್ಞಾನದ ನೋಟ್ಸ್‌ನಲ್ಲಿ ಕೆ. ವೆಂಕಟಪ್ಪ ಎಂಬ ಹೆಸರಿತ್ತು. ಅವರ ಹೆಸರಿನ ಚಿತ್ರಶಾಲೆ ಎಲ್ಲಿದೆ ಎಂಬ ಪ್ರಶ್ನೆ, ಬೆಂಗಳೂರು ಎಂಬ ಉತ್ತರ. ನನಗೆ ಗೊತ್ತಿದ್ದುದು ಆ ಒಂದು ಅಂಕದಷ್ಟೇ. ಕೋಚಿಂಗ್‌ಗೆಂದು ಚಿತ್ರದುರ್ಗಕ್ಕೆ ಹೋದ ದಿನಗಳಲ್ಲಿ ಗ್ರಂಥಾಲಯದಲ್ಲಿ ಕೂತು ಅವರ ಬಗ್ಗೆ ಓದಿದೆ. ಬಿಳಿ ಹಾಳೆಗಳ ಮೇಲೆ ದಪ್ಪ ಅಕ್ಷರದಲ್ಲಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಅವರ ಬದುಕನ್ನು ಬರೆದೆ. ಒಟ್ಟು ಐದು ಹಾಳೆ.

ಮೊದಲ ಹಾಳೆಯಲ್ಲಿ ಬಾಲ್ಯ. ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರಿನ ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಮನೆತನದಲ್ಲಿ. ತಂದೆ ಕೃಷ್ಣಪ್ಪ ಆಸ್ಥಾನ ಕಲಾವಿದರು. ಬಣ್ಣ, ಕುಂಚ ಎರಡೂ ಮನೆಯಲ್ಲೇ ಇದ್ದವು. ಹುಡುಗನ ಕೈಚಳಕ ಮೆಚ್ಚಿದ ನಾಲ್ವಡಿ ಕೃಷ್ಣರಾಜ ಒಡೆಯರ್ ನೆರವು ಕೊಟ್ಟರು. 1909ರಲ್ಲಿ ವೆಂಕಟಪ್ಪ ಕಲ್ಕತ್ತದ ಸರ್ಕಾರಿ ಕಲಾಶಾಲೆ ಸೇರಿದರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ರವೀಂದ್ರನಾಥ ಟ್ಯಾಗೋರರ ಸಂಬಂಧಿ ಅವನೀಂದ್ರನಾಥ ಟ್ಯಾಗೋರ್.

ಓದಿ ಮುಗಿಸಿದ ಮೇಲೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. ಮನೆಯಲ್ಲೇ ಚಿತ್ರ ಕಲಿಸುವ ಅಪ್ಪ ಇರುವಾಗ ಅಷ್ಟು ದೂರ ಯಾಕೆ ಹೋಗಬೇಕು? ಉತ್ತರ ನನ್ನ ಹಾಳೆಯಲ್ಲಿ ಇರಲಿಲ್ಲ. ಪಾಠದಲ್ಲಿ ಇಲ್ಲದ್ದನ್ನು ಕೇಳಬೇಡ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಕಾಲದಲ್ಲಿ ನಮ್ಮ ಕಲಾಶಾಲೆಗಳು ಹೆಚ್ಚಾಗಿ ಯುರೋಪಿನ ರೀತಿಯ ಚಿತ್ರಕಲೆಯನ್ನೇ ಕಲಿಸುತ್ತಿದ್ದವು. ಅವನೀಂದ್ರನಾಥರು ಅದನ್ನು ಬಿಟ್ಟು ನಮ್ಮ ನೆಲದ ಹಳೆಯ ಚಿತ್ರಗಳ ಕಡೆ ಶಿಷ್ಯರನ್ನು ತಿರುಗಿಸಿದ್ದರು. ಇಷ್ಟು ಹೇಳಿದ್ದಕ್ಕೆ ಒಬ್ಬಳು ತನ್ನ ಅಣ್ಣನ ವಿಷಯ ತೆಗೆದಳು. ಅಪ್ಪ ಊರಲ್ಲಿ ಟೈಲರ್ ಆಗಿದ್ದರೂ ಅಣ್ಣ ಹೊಸ ಬಗೆಯ ಹೊಲಿಗೆ ಕಲಿಯಲು ಹಿರಿಯೂರಿನ ಅಂಗಡಿಗೆ ಸೇರಿದ್ದನಂತೆ. ಹಾಳೆಯಲ್ಲಿದ್ದ ವೆಂಕಟಪ್ಪ ನಮ್ಮ ಓಣಿಗೆ ಬಂದರು.

ಎರಡನೇ ಹಾಳೆ ಅಜಂತಾದ್ದು. ಇಂಗ್ಲೆಂಡಿನ ಲೇಡಿ ಹೆರಿಂಗ್‌ಹ್ಯಾಮ್ ಎಂಬ ಕಲಾವಿದೆ ಅಜಂತಾ ಗುಹೆಗಳ ಚಿತ್ರಗಳನ್ನು ನಕಲು ಮಾಡಿಸುವ ಕೆಲಸ ಕೈಗೊಂಡಿದ್ದರು. ಅದಕ್ಕೆ ಹೋದ ಕಲ್ಕತ್ತದ ವಿದ್ಯಾರ್ಥಿಗಳಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಜೊತೆಗೆ ನಮ್ಮ ವೆಂಕಟಪ್ಪನವರೂ ಇದ್ದರು. ಗುಹೆ ಎಂದರೆ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಶಾಲಾ ಪ್ರವಾಸದಲ್ಲಿ ಚಂದ್ರವಳ್ಳಿ ನೋಡಿದವರೇ ಎಲ್ಲರೂ. ಟಾರ್ಚ್ ಬೆಳಕು ಬಿದ್ದಷ್ಟೇ ಗೋಡೆ ಕಾಣುತ್ತದೆ ಎಂಬುದು ಅವರಿಗೆ ಗೊತ್ತು.

ನಕಲು ಮಾಡಲು ಅರ್ಥ ಆಗಲೇಬೇಕಾ ಎಂದು ಕೇಳಿದೆ. ಬೇಡವೇ ಬೇಡ ಎಂದ ನಮ್ಮ ಆರನೇ ಕ್ಲಾಸಿನ ವೀರ. ಸರಿ, ಗೋಡೆಯ ಕ್ಯಾಲೆಂಡರಿನಲ್ಲಿದ್ದ ಒನಕೆ ಓಬವ್ವನ ಚಿತ್ರ ನೋಡಿ ಬರೆ ಎಂದೆ. ಬರೆದ. ಸೀರೆ, ಬಳೆ, ಕಿಂಡಿ ಎಲ್ಲ ಇತ್ತು. ಒನಕೆ ಮಾತ್ರ ಊರುಗೋಲಿನ ಹಾಗೆ ನೆಲಕ್ಕೆ ಊರಿತ್ತು. ಹೀಗೆ ಹಿಡಿದರೆ ಹೊಡೆಯುವುದು ಹೇಗೆ ಎಂದು ಪಕ್ಕದವಳು ಕೇಳಿದಳು. ಹುಡುಗ ಎದ್ದುಹೋಗಿ ಕ್ಯಾಲೆಂಡರನ್ನು ಮತ್ತೆ ನೋಡಿದ. ಈ ಸಲ ಸ್ವಲ್ಪ ಹೊತ್ತು ನೋಡಿದ. ಆಮೇಲೆ ರಬ್ಬರ್ ಕೇಳಿ ತಗೊಂಡ.

ಮೂರನೇ ಹಾಳೆಯಿಂದ ನನಗೊಂದು ದಾರಿಯೇ ಸಿಕ್ಕಿತು. 1913ರಲ್ಲಿ ಸಿಸ್ಟರ್ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಪುಸ್ತಕ ಹೊರಬಂತು. ಅದಕ್ಕೆ ಅವನೀಂದ್ರನಾಥರ ಶಿಷ್ಯರು ಚಿತ್ರ ಬರೆದರು. ರಾಮಾಯಣದ ಭಾಗ ವೆಂಕಟಪ್ಪನವರ ಪಾಲಿಗೆ ಬಂತು. ಕಥೆಗೆ ಚಿತ್ರ ಬರೆಯುವವನು ಮೊದಲು ಕಥೆ ಓದಬೇಕು. ಯಾರು ಎಲ್ಲಿ ನಿಂತಿದ್ದಾರೆ, ಹಗಲೋ ರಾತ್ರಿಯೋ, ಕೈಯಲ್ಲಿ ಏನಿದೆ, ಮುಖದಲ್ಲಿ ಸಿಟ್ಟೋ ದುಃಖವೋ ಎಂಬುದು ತಿಳಿಯದೆ ಕುಂಚ ಎತ್ತುವಂತಿಲ್ಲ. ಹಾಗಾದರೆ ಮಕ್ಕಳೂ ಓದಿದ್ದನ್ನು ಚಿತ್ರವಾಗಿ ಬಿಡಿಸಲಿ, ಅರ್ಥವಾಗಿದೆಯೋ ಇಲ್ಲವೋ ಹಾಳೆಯೇ ಹೇಳುತ್ತದೆ ಎಂದುಕೊಂಡೆ.

ವೆಂಕಟಪ್ಪನವರು ಊಟಿ ಮತ್ತು ಕೊಡೈಕೆನಾಲ್‌ನ ನಿಸರ್ಗವನ್ನು ಜಲವರ್ಣದಲ್ಲಿ ಬರೆದವರು. ಅವರ ಹೆಸರು ಇವತ್ತಿಗೂ ಉಳಿದಿರುವುದು ಆ ಚಿತ್ರಗಳಿಂದಲೇ. ಬೆಟ್ಟ, ಮೋಡ, ಮಂಜು, ಬೆಳದಿಂಗಳು, ಹೊತ್ತು ಹೊತ್ತಿಗೆ ಬದಲಾಗುವ ಬೆಳಕು, ಇವೇ ಅವುಗಳ ವಸ್ತು. ಊಟಿಯ ಬೆಳದಿಂಗಳ ಬಗ್ಗೆ ನಾಲ್ಕು ಸಾಲು ಬರೆದು ಕೊಟ್ಟೆ. ಅಲ್ಲಿ ಜನರಿಲ್ಲ, ಮನೆಯಿಲ್ಲ ಎಂದೂ ಬರೆದಿದ್ದೆ. ಹನ್ನೊಂದು ಮಕ್ಕಳಲ್ಲಿ ಒಂಬತ್ತು ಜನ ಬಿಡಿಸಿದ್ದು ಎರಡು ತ್ರಿಕೋನದ ಬೆಟ್ಟ, ನಡುವೆ ಕಿರಣ ಬೀರುವ ಸೂರ್ಯ, ಒಂದು ಗುಡಿಸಲು, ಪಕ್ಕದಲ್ಲೊಂದು ತೆಂಗಿನಮರ! ತೆಂಗು ನಮ್ಮ ಹೊಸದುರ್ಗದ್ದು, ಸರಿ. ಸೂರ್ಯ ಎಲ್ಲಿಂದ ಬಂದ? ನಾನು ತಪ್ಪು ತೋರಿಸಲಿಲ್ಲ. ಇನ್ನೊಮ್ಮೆ ಓದಿ ಎಂದಷ್ಟೇ ಹೇಳಿದೆ. ಒಬ್ಬೊಬ್ಬರಾಗಿ ಸೂರ್ಯನನ್ನು ಅಳಿಸತೊಡಗಿದರು. ಕಣ್ಣು ಸಾಲಿನ ಮೇಲೆ ಓಡುವುದೇ ಬೇರೆ, ಸಾಲಿನ ಒಳಗೆ ಹೋಗುವುದೇ ಬೇರೆ ಎಂದು ಅವತ್ತು ಅವರಿಗೂ ತಿಳಿಯಿತು, ನನಗೂ ತಿಳಿಯಿತು.

ನಾಲ್ಕನೇ ಹಾಳೆಯಲ್ಲಿ ವೀಣೆ. ಹೆಸರು ಮಾಡಿದ ಚಿತ್ರಕಾರ ವೆಂಕಟಪ್ಪನವರಿಗೆ ವೀಣೆಯ ಸೆಳೆತ ಹತ್ತಿಕೊಂಡಿತು. ವೀಣೆ ಶೇಷಣ್ಣನವರಂಥ ದೊಡ್ಡ ವಿದ್ವಾಂಸರ ಬಳಿ ಕಲಿತರು. ವೀಣೆಯ ಹುಚ್ಚನ್ನೇ ವಸ್ತುವಾಗಿಸಿಕೊಂಡು 1926ರಲ್ಲಿ ಒಂದು ಚಿತ್ರವನ್ನೂ ಬರೆದರು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ತಪ್ಪಲ್ಲವೇ ಎಂದು ಮಕ್ಕಳು ಕೇಳಿದರು. ಪಿಡಿಒ, ಎಫ್‌ಡಿಎ, ಟಿಇಟಿ ಎಂದು ಮೂರು ದೋಣಿಯಲ್ಲಿ ಕಾಲಿಟ್ಟ ನನಗೆ ಆ ಪ್ರಶ್ನೆ ಚುರುಕ್ಕೆಂದಿತು. ಬಿಟ್ಟರು ಎಂದು ಯಾವ ಸಾಲಿನಲ್ಲಿದೆ, ತೋರಿಸಿ ಎಂದೆ. ಹುಡುಕಿದರು. ಇರಲಿಲ್ಲ. ವೀಣೆ ನುಡಿಸುತ್ತಲೂ ಅವರು ಚಿತ್ರ ಬರೆದಿದ್ದರು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪ ಮಾಡಿದ್ದರು. ಕಲಿತದ್ದರ ಮೇಲೆ ಇನ್ನೊಂದನ್ನು ಸೇರಿಸಿಕೊಂಡಿದ್ದರೇ ಹೊರತು ಒಂದನ್ನು ಎಸೆದು ಇನ್ನೊಂದನ್ನು ಹಿಡಿದಿರಲಿಲ್ಲ. ನನ್ನ ಮೂರು ದೋಣಿಗಳ ಬಗ್ಗೆ ಆ ರಾತ್ರಿ ಸ್ವಲ್ಪ ಯೋಚಿಸಿದೆ.

ಐದನೇ ಹಾಳೆ ಬರೆಯುವಾಗ ಹಿಂಜರಿದೆ. ಅದರಲ್ಲಿ ಜಗಳವಿತ್ತು. ಮೈಸೂರಿನ ಅಂಬಾವಿಲಾಸ ಅರಮನೆಗಾಗಿ ವೆಂಕಟಪ್ಪ ಉಬ್ಬುಶಿಲ್ಪಗಳನ್ನು ಮಾಡಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆ ಮೇಲೆ ಅರಮನೆಗೂ ಅವರಿಗೂ ಮನಸ್ತಾಪ ಬೆಳೆಯಿತು. ಅವರು ಅರಮನೆಯ ವಿರುದ್ಧವೇ ನ್ಯಾಯಾಲಯಕ್ಕೆ ಹೋದರು. ರಾಜನ ಮೇಲೆ ಕೇಸು ಹಾಕಬಹುದಾ ಎಂದು ಮಕ್ಕಳು ಬಾಯಿ ಬಿಟ್ಟುಕೊಂಡು ಕೂತರು. ಅವರ ಪಾಠಪುಸ್ತಕದ ಮಹನೀಯರು ಯಾರೂ ಹೀಗೆ ಜಗಳ ಆಡಿದವರಲ್ಲ!

ಪಡಸಾಲೆ ಎರಡು ಪಕ್ಷವಾಯಿತು. ಓದಿಸಿದ ಮನೆಯ ಮೇಲೆಯೇ ದೂರು ಕೊಟ್ಟದ್ದು ತಪ್ಪು ಎಂದಿತು ಒಂದು ಪಕ್ಷ. ದುಡಿದವನು ತನ್ನ ಹಕ್ಕು ಕೇಳುವುದರಲ್ಲಿ ತಪ್ಪೇನು ಎಂದಿತು ಇನ್ನೊಂದು. ನಾನು ಒಂದೇ ನಿಯಮ ಹಾಕಿದೆ. ಏನು ಹೇಳಿದರೂ ಐದು ಹಾಳೆಗಳ ಯಾವ ಸಾಲಿನಿಂದ ಹಾಗೆ ಅನ್ನಿಸಿತು ಎಂದು ಬೆರಳಿಟ್ಟು ತೋರಿಸಬೇಕು. ಅರ್ಧ ಗಂಟೆ ವಾದ ನಡೆಯಿತು. ಹಾಳೆಗಳು ಕೈಯಿಂದ ಕೈಗೆ ಹೋಗಿ ಮುದ್ದೆಯಾದವು. ಯಾರು ಗೆದ್ದರು ಎಂದು ನಾನು ಹೇಳಲಿಲ್ಲ. ವೆಂಕಟಪ್ಪ ಸುಲಭದ ಮನುಷ್ಯರಾಗಿರಲಿಲ್ಲ. ಮದುವೆಯಾಗಲಿಲ್ಲ, ಕಲೆಯಲ್ಲಿ ಯಾರೊಂದಿಗೂ ರಾಜಿಯಾಗಲಿಲ್ಲ. ಮುಂದೆ ಬೆಂಗಳೂರಿನಲ್ಲಿ ನೆಲೆಸಿ 1965ರಲ್ಲಿ ತೀರಿಕೊಂಡರು. ಅವರ ಕೃತಿಗಳಿಗಾಗಿ ಸರ್ಕಾರ ಕಸ್ತೂರಬಾ ರಸ್ತೆಯಲ್ಲಿ, ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಚಿತ್ರಶಾಲೆ ಕಟ್ಟಿಸಿತು. ನನ್ನ ನೋಟ್ಸ್‌ನ ಒಂದು ಅಂಕದ ಉತ್ತರದ ಹಿಂದೆ ಇಷ್ಟೆಲ್ಲ ಇತ್ತು.

ಐದು ಹಾಳೆಗೆ ಪವಾಡವೇನೂ ನಡೆದಿಲ್ಲ. ಇಬ್ಬರು ಮಕ್ಕಳು ಈಗಲೂ ಪ್ರಶ್ನೆಯ ಪದ ಹುಡುಕಿ ಸಾಲು ಇಳಿಸುತ್ತಾರೆ. ಉಳಿದವರು ಒಂದು ಪ್ಯಾರಾ ಓದಿ ನಿಲ್ಲುವುದನ್ನು ಕಲಿತಿದ್ದಾರೆ. ನಾನೂ ಅಷ್ಟೇ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಈಗ ಮೊದಲು ಪ್ರಶ್ನೆ ನೋಡಿ ಪದ ಹುಡುಕುವುದಿಲ್ಲ. ಗದ್ಯಭಾಗ ಪೂರ್ತಿ ಓದುತ್ತೇನೆ. ಮನಸ್ಸಿನಲ್ಲೇ ಅದರ ಚಿತ್ರ ಬರೆದುಕೊಳ್ಳುತ್ತೇನೆ. ಉತ್ತರ ಆರಿಸಿದ ಮೇಲೆ ಯಾವ ಸಾಲು ಹಾಗೆ ಹೇಳಿತು ಎಂದು ಬೆರಳಿಟ್ಟು ನೋಡುತ್ತೇನೆ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ, ಪರೀಕ್ಷೆಗೆ ಓದುತ್ತಿರುವ ನೀವೂ ಹೀಗೊಂದು ಬದುಕನ್ನು ಐದು ಹಾಳೆಗೆ ಇಳಿಸಿ ನೋಡಿ. ಅವರಿಗೆ ಓದಿಸುತ್ತ ನಿಮ್ಮ ಓದು ಎಲ್ಲಿ ಜಾರುತ್ತಿದೆ ಎಂಬುದು ಕಾಣುತ್ತದೆ. ಕಳೆದ ವಾರ ಅಪ್ಪನಿಗೂ ನಿಜ ಹೇಳಿದೆ. ಪೇಪರ್ ಕಷ್ಟವಿರಲಿಲ್ಲ, ನಾನೇ ಸರಿಯಾಗಿ ಓದಿರಲಿಲ್ಲ ಎಂದು.

ಮೊನ್ನೆ ಆರನೇ ಕ್ಲಾಸಿನ ಆ ಹುಡುಗ ಐದನೇ ಹಾಳೆ ಹಿಡಿದುಕೊಂಡು ಬಂದ. 1940ರಿಂದ 1965ಕ್ಕೆ ಇಪ್ಪತ್ತೈದು ವರ್ಷ ಆಯಿತಲ್ಲಕ್ಕಾ, ನೀನು ಬರೆದಿರುವುದು ಬರೀ ಐದಾರು ಸಾಲು, ಉಳಿದದ್ದು ಎಲ್ಲಿ ಎಂದು ಕೇಳಿದ. ಹಾಳೆಯಲ್ಲಿ ಏನಿದೆ ಎಂದು ಹೇಳಲು ತಡವರಿಸುತ್ತಿದ್ದವನು ಏನಿಲ್ಲ ಎಂಬುದನ್ನು ಕಂಡುಹಿಡಿದಿದ್ದ. ಸೋಮವಾರ ಚಿತ್ರದುರ್ಗಕ್ಕೆ ಹೋಗುತ್ತಿದ್ದೇನೆ. ಕೋಚಿಂಗ್ ಮುಗಿದ ಮೇಲೆ ಗ್ರಂಥಾಲಯದಲ್ಲಿ ಕೂರಬೇಕು. ಆರನೇ ಹಾಳೆ ಬಾಕಿ ಇದೆ.